ಆರು ಮಿಲಿಮೀಟರು

ಸೋಮವಾರ, ಜೂನ್ 3

ನನ್ನ ಹನ್ನೊಂದು ಕಪಾಟುಗಳಿಗೆ ಇಂದು ನಿವೃತ್ತಿ ಘೋಷಣೆಯಾಯಿತು. ನನಗೆ ಇನ್ನೂ ಆರು ವರ್ಷ ಇದೆ, ಅವಕ್ಕೆ ಒಂದು ತಿಂಗಳೂ ಇಲ್ಲ.

ಇಪ್ಪತ್ತಾರು ವರ್ಷದಿಂದ ಈ ಏಣಿ ಕಾರ್ಖಾನೆಯ ನಕ್ಷೆಗಳನ್ನು ಕಾಯುತ್ತಿದ್ದೇನೆ. ಯಾವ ಏಣಿಯ ನಕ್ಷೆ ಯಾವ ಕಪಾಟಿನ ಎಷ್ಟನೇ ಅರೆಯಲ್ಲಿದೆ ಎಂಬುದು ನನ್ನ ತಲೆಯಲ್ಲಿದೆ, ತಲೆ ಕತ್ತಿನ ಮೇಲಿದೆ. ಇದಕ್ಕಿಂತ ಒಳ್ಳೆಯ ವ್ಯವಸ್ಥೆ ಇನ್ನೇನು ಬೇಕು? ಎಲ್ಲರೂ ನನ್ನನ್ನು ಕಪಾಟಕ್ಕ ಎಂದು ಕರೆಯುವುದು ಸುಮ್ಮನೆ ಅಲ್ಲ.

ಸಣ್ಣ ಯಜಮಾನಿ ಬೆಳಿಗ್ಗೆ ಒಂದು ಚೀಲ ತುಂಬ ಕಾಗದ ತಂದು ನನ್ನ ಮೇಜಿನ ಮೇಲೆ ಸುರಿದಳು. ತೀರಿಹೋದ ದೊಡ್ಡ ಯಜಮಾನರ ಮಗಳು. ಹೋದ ವರ್ಷದಿಂದ ಕಾರ್ಖಾನೆ ಅವಳ ಕೈಯಲ್ಲಿದೆ. ಸುರಿದದ್ದೆಲ್ಲ ನಮ್ಮ ನಾಲ್ಕು ಕಾಲಿನ ಮಡಚು ಏಣಿಯ ನಕ್ಷೆಗಳು. ಒಂದು ಗೋಡೆಯಿಂದ ಕಿತ್ತದ್ದು, ಒಂದು ಊಟದ ಡಬ್ಬಿಯ ಅಡಿಗೆ ಹಾಸಿದ್ದು, ಎರಡು ಇಮೇಲಿನಲ್ಲಿ ಬಂದವು, ಇನ್ನೊಂದು ಯಾರದೋ ಫೋನಿನಲ್ಲಿದ್ದ ಫೋಟೋದ ಫೋಟೋ. ಒಟ್ಟು ಒಂಬತ್ತು, ಒಂದರಂತೆ ಇನ್ನೊಂದಿಲ್ಲ.

"ಇದ್ರಲ್ಲಿ ಸರಿಯಾಗಿರೋದು ಯಾವ್ದು ಅಕ್ಕ?"

"ನನ್ನ ಕಪಾಟಲ್ಲಿರೋದು."

"ಅದು ನಿಮಗೆ ಗೊತ್ತು. ನೀವು ರಜೆ ಹಾಕಿದ್ರೆ?"

"ನಾನು ರಜೆ ಹಾಕಲ್ಲ."

"ಅದೇ ನಂಗೆ ಭಯ," ಎಂದಳು.

ಇನ್ನು ಮುಂದೆ ಎಲ್ಲ ನಕ್ಷೆ, ಎಲ್ಲ ಪತ್ರ, ಎಲ್ಲ ಅಳತೆ ಕಂಪ್ಯೂಟರಿನಲ್ಲಿ ಒಂದೇ ಕಡೆ ಇರಬೇಕಂತೆ. ಪ್ರತಿ ವಿಭಾಗದಲ್ಲೂ ಒಂದೊಂದು ಪರದೆ. ಎಲ್ಲರೂ ಅದನ್ನೇ ನೋಡಬೇಕು, ಬದಲಾಯಿಸಿದವರು ಹೆಸರು ಹಾಕಿ ಬದಲಾಯಿಸಬೇಕು. ತುಂಬುವ ಕೆಲಸ ನನ್ನದು. ನಾನು ಅದಕ್ಕೆ ಕಣಜ ಎಂದು ಹೆಸರಿಟ್ಟೆ. ಬೈಯುವುದಕ್ಕಾದರೂ ಒಂದು ಹೆಸರು ಬೇಕಲ್ಲ.

ಅವಸರ ಯಾಕೆಂದರೆ, ಒಂದು ದೊಡ್ಡ ಗ್ರಂಥಾಲಯದವರು ಇನ್ನೂರು ಏಣಿ ಕೇಳಿದ್ದಾರೆ. ಜೂನ್ 28ಕ್ಕೆ ಪರೀಕ್ಷಕರು ಬಂದು ಮೊದಲ ಏಣಿಯನ್ನು ನೋಡುತ್ತಾರೆ. ಒಪ್ಪದಿದ್ದರೆ ಸಣ್ಣ ಯಜಮಾನಿ ಹೊರಗಿನಿಂದ ಸಿದ್ಧ ಏಣಿ ತರಿಸಿ ನಮ್ಮ ಚೀಟಿ ಅಂಟಿಸುತ್ತಾಳಂತೆ, ವೆಲ್ಡಿಂಗ್ ವಿಭಾಗ ಮುಚ್ಚುತ್ತಾಳಂತೆ. ಅಲ್ಲಿರುವವರು ಮೂವರು. ಅವರಲ್ಲಿ ಹಿರಿಯ ಮೇಸ್ತ್ರಿ, ನನ್ನ ಗಂಡ.

ಮಂಗಳವಾರ, ಜೂನ್ 4

ನಮ್ಮ ಮನೆಯಲ್ಲಿ ಒಂದು ನಿಯಮ ಉಂಟು: ಕಾರ್ಖಾನೆಯ ಮಾತು ಕಾರ್ಖಾನೆಯ ಗೇಟಿನ ಹೊರಗೆ ಬರಬಾರದು. ಮದುವೆಯಾದ ಹೊಸದರಲ್ಲಿ ನಾನೇ ಮಾಡಿದ್ದು. ಅದರಿಂದಲೇ ಸಂಸಾರ ತಣ್ಣಗಿದೆ. ತಣ್ಣಗೆ ಎಂದರೆ, ನಾವಿಬ್ಬರೂ ಒಂದೇ ಬಸ್ಸಿನಲ್ಲಿ ಬಂದು, ಒಂದೇ ಬಾಗಿಲಿನಲ್ಲಿ ಒಳಗೆ ಬಂದು, ಗ್ಯಾಸ್ ಮುಗಿಯಿತೇ ಎಂದು ಮಾತಾಡಿ ಮಲಗುತ್ತೇವೆ.

ಇವತ್ತು ನಿಯಮ ಮುರಿದು ಕೇಳಿದೆ. "ವೆಲ್ಡಿಂಗ್ ಮುಚ್ಚಿದ್ರೆ ಏನ್ ಮಾಡ್ತೀರಿ?"

ಮೇಸ್ತ್ರಿ ಪತ್ರಿಕೆಯಿಂದ ಕಣ್ಣೆತ್ತಲಿಲ್ಲ. "ಮುಚ್ಚಿದಾಗ ನೋಡೋಣ" ಎಂದರು. ಈ ಮನುಷ್ಯನ ಬಾಯಿಂದ ಎರಡನೇ ವಾಕ್ಯ ಹೊರಡಿಸಲು ವೆಲ್ಡಿಂಗ್ ಮಾಡುವ ಬೆಂಕಿಯೇ ಬೇಕು. ಅವರಿಗೆ ಇನ್ನೂ ನಾಲ್ಕು ವರ್ಷದ ಕೆಲಸ ಉಳಿದಿದೆ. ಬೇರೆ ಕೆಲಸ ಗೊತ್ತಿಲ್ಲ. ನನಗೆ ಭಯವಾಗಿದೆ, ಆದರೆ ಅವರೆದುರು ತೋರಿಸಲಿಲ್ಲ.

ಶುಕ್ರವಾರ, ಜೂನ್ 7

ಕಣಜಕ್ಕೆ ಕಾಗದ ಕೂಡಿಸುವ ಕೆಲಸ. ಮೊದಲು ಕೊಳವೆ ಕತ್ತರಿಸುವ ಕತ್ತರಿ ಮಾವನ ಹತ್ತಿರ ಹೋದೆ. ಅವರ ಗೋಡೆಯ ನಕ್ಷೆಯ ಮೇಲೆ ಪೆನ್ಸಿಲಿನಲ್ಲಿ ಇರುವೆ ಸಾಲಿನಂಥ ಬರಹ. "ಇದೇನು ಮಾವ?" ಎಂದರೆ ಅಂಗೈಯಿಂದ ಮುಚ್ಚಿದರು. "ಮೊಮ್ಮಗು ಗೀಚಿದ್ದು ಕಣವ್ವ."

ಮೊಮ್ಮಗು ಕಾರ್ಖಾನೆಗೆ ಯಾವತ್ತು ಬಂದಿತ್ತು?

ಏಣಿಯ ಕಾಲಿಗೆ ರಬ್ಬರಿನ ಬೂಟು ತೊಡಿಸುವ ಬೂಟಮ್ಮ ತನ್ನ ನಕ್ಷೆ ಕೊಡಲೇ ಇಲ್ಲ. ಮನೆಯಲ್ಲಿದೆ ಎಂದಳು. ಮನೆಗೆ ಯಾಕೆ ಹೋಯಿತು ಎಂದರೆ, "ಅದಕ್ಕೂ ಬೇಜಾರಾಗಲ್ವಾ ಅಕ್ಕ, ಒಂದೇ ಕಡೆ ಕೂತು?" ಎಂದು ನಕ್ಕಳು.

ಇವರನ್ನು ಬೈದು ಪ್ರಯೋಜನವಿಲ್ಲ. ದೊಡ್ಡ ಯಜಮಾನರ ಕಾಲದ ಪದ್ಧತಿ ಹಾಗಿತ್ತು. ನಕ್ಷೆಗಳನ್ನೆಲ್ಲ ಅವರೇ ಬರೆದದ್ದು. ಅದರಲ್ಲಿ ತಪ್ಪಿದೆ ಎಂದು ಯಾರಾದರೂ ಬಾಯಿಬಿಟ್ಟರೆ, ಊಟದ ಹೊತ್ತಿನಲ್ಲಿ ಏಣಿಯ ತುತ್ತತುದಿಗೆ ಹತ್ತಿ ನಿಂತು ಇಡೀ ನಕ್ಷೆಯನ್ನು ಎಲ್ಲರಿಗೂ ಕೇಳುವಂತೆ ಓದಬೇಕಿತ್ತು. ಅನ್ನ ತಣ್ಣಗಾಗುವವರೆಗೆ ಮಿಲಿಮೀಟರು ಓದಿದವರು ಇನ್ನೊಂದು ಸಲ ಬಾಯಿ ತೆರೆಯುತ್ತಿರಲಿಲ್ಲ. ಬೆಕ್ಕು ಸತ್ತು ವರ್ಷವಾಯಿತು, ಇಲಿಗಳು ಇನ್ನೂ ಗೋಡೆ ಪಕ್ಕದಲ್ಲೇ ಓಡಾಡುತ್ತಿವೆ.

ಬುಧವಾರ, ಜೂನ್ 12

ಇಂದು ನಾನೊಂದು ಘನಕಾರ್ಯ ಮಾಡಿದೆ. ಯಾರಿಗೂ ಹೇಳಿಲ್ಲ, ಇಲ್ಲಿ ಮಾತ್ರ ಬರೆಯುತ್ತೇನೆ.

ಮಡಚು ಏಣಿಯ ಮೂಲ ನಕ್ಷೆಯನ್ನು ಕಣಜಕ್ಕೆ ಏರಿಸುವಾಗ ಒಂದೊಂದೇ ಅಂಕಿ ಕಣ್ಣಿಟ್ಟು ನೋಡಿದೆ. ಎಡ ಹಿಂಗಾಲು ಬಲ ಹಿಂಗಾಲಿಗಿಂತ ಆರು ಮಿಲಿಮೀಟರು ಗಿಡ್ಡ! ಇಪ್ಪತ್ತಾರು ವರ್ಷ ನನ್ನ ಕಪಾಟಿನಲ್ಲೇ ಇದ್ದ ನಕ್ಷೆ. ದೀಪದ ಬುಡದಲ್ಲೇ ಕತ್ತಲು. ಕಾರಣ ಹೊಳೆಯಲು ಸ್ವಲ್ಪ ಹೊತ್ತು ಹಿಡಿಯಿತು. ದೊಡ್ಡ ಯಜಮಾನರು ಮೊದಲ ಏಣಿಯನ್ನು ತಮ್ಮ ಮನೆಯ ಅಂಗಳದಲ್ಲಿ ನಿಲ್ಲಿಸಿ, ಅಲುಗದಂತೆ ಕಾಲು ತರಿದು, ಆಮೇಲೆ ಅಳತೆ ತೆಗೆದರಂತೆ. ಅವರೇ ಹೆಮ್ಮೆಯಿಂದ ಹೇಳುತ್ತಿದ್ದರು. ಕುಣಿಯಲಾರದವಳು ಅಂಗಳ ಡೊಂಕು ಎಂದಳಂತೆ ಎಂದು ನಗುತ್ತೇವೆ. ಇಲ್ಲಿ ಅಂಗಳ ನಿಜವಾಗಿಯೂ ಡೊಂಕಿತ್ತು.

ಕಣಜದಲ್ಲಿ ಎಡ ಹಿಂಗಾಲಿಗೆ ಆರು ಸೇರಿಸಿದೆ. "ಸೂಚಿಸಿದವರು" ಎಂಬಲ್ಲಿ ನನ್ನ ಹೆಸರು, "ಒಪ್ಪಿದವರು" ಎಂಬಲ್ಲೂ ನನ್ನ ಹೆಸರು. ಬದಲಾವಣೆಯನ್ನು ಎಲ್ಲರಿಗೂ ತಿಳಿಸಲೇ ಎಂದು ಕಣಜ ಕೇಳಿತು. ಬೇಡ ಎಂದೆ. ಏಣಿ ತಾನಾಗಿ ನೆಟ್ಟಗೆ ನಿಂತಾಗ ಹೇಳಿದರೆ ಅದರ ಗತ್ತೇ ಬೇರೆ.

ಸೋಮವಾರ, ಜೂನ್ 17

ಏಣಿ ಕುಣಿಯಿತು.

ಮಂಗಳವಾರ, ಜೂನ್ 18

ನಿನ್ನೆ ಅದಕ್ಕಿಂತ ಹೆಚ್ಚು ಬರೆಯಲು ಮನಸ್ಸಾಗಲಿಲ್ಲ. ಕಣಜದ ನಕ್ಷೆಯಂತೆ ಮಾಡಿದ ಮೊದಲ ಏಣಿಯನ್ನು ಸಣ್ಣ ಯಜಮಾನಿ ನಡುಮನೆಯಂಥ ಸಮತಟ್ಟು ನೆಲದ ಮೇಲೆ ನಿಲ್ಲಿಸಿದಳು. ಎರಡು ಮೆಟ್ಟಿಲು ಹತ್ತಿದ್ದಳೋ ಇಲ್ಲವೋ, ಅದು ಟಕ್ ಟಕ್ ಎಂದು ತಾಳ ಹಾಕಿತು. ಇಳಿದು ಬಂದು ಅಳತೆಪಟ್ಟಿ ಹಿಡಿದಳು. ಎಡ ಹಿಂಗಾಲು ಆರು ಮಿಲಿಮೀಟರು ಉದ್ದ.

ಗಿಡ್ಡ ಅಲ್ಲ. ಉದ್ದ!

ಇದುವರೆಗೆ ಇದೇ ಏಣಿಯನ್ನು ಸಾವಿರಗಟ್ಟಲೆ ಮಾಡಿದ್ದೇವೆ, ತಪ್ಪು ನಕ್ಷೆಯಿಂದ ಮಾಡಿದ್ದೇವೆ, ಒಂದೂ ಅಲುಗಿಲ್ಲ. ನಕ್ಷೆ ಸರಿಮಾಡಿದ ಮೇಲೆ ಅಲುಗುತ್ತಿದೆ. ಕಾರ್ಖಾನೆಯಲ್ಲಿ ಒಂದೇ ಮಾತು: ಕಣಜ ಬಂತು, ಏಣಿ ಡೊಂಕಾಯಿತು. ಬೂಟಮ್ಮ ನನ್ನ ಕಂಡು, "ಕಂಪ್ಯೂಟ್ರಿಗೆ ಕಾಲಿಲ್ಲ ನೋಡಿ ಅಕ್ಕ, ಕಾಲಿನ ವಿಷಯ ಅದಕ್ಕೇನು ಗೊತ್ತು?" ಎಂದಳು. ಹೋದ ತಿಂಗಳಾಗಿದ್ದರೆ ನಾನೂ ಅದನ್ನೇ ಹೇಳುತ್ತಿದ್ದೆ. ಈಗ ಯಾಕೋ ಮೈ ಉರಿಯಿತು.

ಸಣ್ಣ ಯಜಮಾನಿ ಕೂಗಾಡಲಿಲ್ಲ. "ಇನ್ನು ಹತ್ತು ದಿನ ಇದೆ ಅಕ್ಕ. ಆಗಲ್ಲ ಅಂದ್ರೆ ಈಗ್ಲೇ ಹೇಳಿ, ಹೊರಗೆ ಮಾತಾಡ್ತೀನಿ," ಎಂದಳು. ಕೂಗಾಡಿದ್ದರೆ ವಾಸಿಯಿತ್ತು.

ಬಸ್ಸಿನಲ್ಲಿ ಮೇಸ್ತ್ರಿ ಕಿಟಕಿಯ ಹೊರಗೆ ನೋಡುತ್ತಿದ್ದರು. ನಾನು ಇನ್ನೊಂದು ಕಡೆ.

ಗುರುವಾರ, ಜೂನ್ 20

ಇವತ್ತಿನ ಜಗಳ ಬರೆದಿಡಲೇಬೇಕು.

ನಿನ್ನೆ ಒಲೆಯ ಮೇಲಿನ ಸಾರಿನ ರುಚಿ ನೋಡಿ ಮೇಸ್ತ್ರಿ ಎಂದಿನಂತೆ "ಉಪ್ಪು ಸ್ವಲ್ಪ ಕಮ್ಮಿ" ಎಂದಿದ್ದರು. ಇಪ್ಪತ್ತೆಂಟು ವರ್ಷದಿಂದ ಇದೇ ಪಲ್ಲವಿ. ನನ್ನ ಕೈ ಉಪ್ಪಿಗೆ ಚಿಕ್ಕದು, ಒಪ್ಪುತ್ತೇನೆ; ಆದರೂ ಬಡಿಸಿದ ಮೇಲೆ ರುಚಿ ಸರಿಯಾಗೇ ಇರುತ್ತದೆ. ಇವತ್ತು ಹಟ ಹಿಡಿದು ಚಮಚೆಯಲ್ಲಿ ಅಳೆದು, ಸರಿಯಾಗಿ ಎಷ್ಟು ಬೇಕೋ ಅಷ್ಟು ಹಾಕಿ, ರುಚಿ ನೋಡಿ ಸ್ನಾನಕ್ಕೆ ಹೋದೆ.

ಬಂದು ಬಡಿಸಿದರೆ ಬಾಯಿಗಿಡಲು ಆಗದು. ಸಮುದ್ರ!

"ಯಾರು ಉಪ್ಪು ಹಾಕಿದ್ದು?" ಎಂದು ಕೂಗಿದೆ.

ಅತ್ತೆ ತಟ್ಟೆಯಿಂದ ಕಣ್ಣೆತ್ತದೆ, "ಒಂದು ಚಿಟಿಕೆ ನಾನು ಹಾಕಿದ್ದೆ. ದಿನಾ ಹಾಕ್ತೀನಿ. ನೀನು ಮರೀತೀಯಲ್ಲ," ಎಂದರು.

"ದಿನಾ?"

"ನೀನು ಈ ಮನೆಗೆ ಬಂದಾಗಿಂದ. ಹೇಳಿದ್ರೆ ನಿಂಗೆ ಬೇಜಾರಾಗುತ್ತೆ ಅಂತ ಹೇಳ್ಲಿಲ್ಲ ಕಣಮ್ಮ."

ಮೇಸ್ತ್ರಿ ಕೆಮ್ಮಿದರು. "ನಾನೂ ಒಂಚೂರು ಹಾಕಿದೆ. ಅಮ್ಮ ಹಾಕ್ತಾಳೆ ಅಂತ ಗೊತ್ತಿರ್ಲಿಲ್ಲ."

"ನೀವೂ ದಿನಾನಾ?"

"ದಿನಾ ಅಲ್ಲ. ವಾರಕ್ಕೆ ಐದಾರು ದಿನ."

ನನಗೆ ಸಿಟ್ಟು ನೆತ್ತಿಗೇರಿತು. ನನ್ನ ಅಡುಗೆಯನ್ನು ಎರಡು ಜನ ಕದ್ದು ತಿದ್ದುತ್ತಿದ್ದರು, ನಾನು ಚೆನ್ನಾಗಿ ಅಡುಗೆ ಮಾಡುತ್ತೇನೆ ಎಂದುಕೊಂಡು ಇಷ್ಟು ವರ್ಷ ಬೀಗಿದೆ! ಅತ್ತೆ ಮೊದಲು ನಕ್ಕರು. ಆಮೇಲೆ ಮೇಸ್ತ್ರಿ. ಅವರು ನಕ್ಕದ್ದು ನೋಡಿ ಎಷ್ಟು ದಿನವಾಗಿತ್ತೋ, ಹಲ್ಲೊಂದು ಹೋಗಿರುವುದೇ ನನಗೆ ಗೊತ್ತಿರಲಿಲ್ಲ. ಕೊನೆಗೆ ನಾನೂ ನಕ್ಕೆ. ಬ್ರೆಡ್ಡು ತಿಂದು ಎದ್ದೆವು.

ಪಾತ್ರೆ ತೊಳೆಯುತ್ತಿದ್ದಾಗ ಕೈ ನಿಂತಿತು. ನಾನು ಕಡಿಮೆ ಹಾಕಿದಾಗ ರುಚಿ ಸರಿ ಇತ್ತು. ನಾನು ಸರಿಯಾಗಿ ಹಾಕಿದ ದಿನ ಕೆಟ್ಟಿತು. ಏಣಿಯೂ ಹಾಗೇ ಅಲ್ಲವೇ?

ಶುಕ್ರವಾರ, ಜೂನ್ 21

ಇಷ್ಟು ದಿನ ಎಲ್ಲರಿಗೂ "ನಿಮ್ಮ ನಕ್ಷೆ ಕೊಡಿ" ಎನ್ನುತ್ತಿದ್ದೆ. ಇವತ್ತು ಕತ್ತರಿ ಮಾವನ ಪಕ್ಕದಲ್ಲಿ ಸ್ಟೂಲು ಹಾಕಿಕೊಂಡು ಕೂತು, ಅವರ ಕೈ ಏನು ಮಾಡುತ್ತದೆ ಎಂದು ಸುಮ್ಮನೆ ನೋಡಿದೆ. ಪರದೆಯ ಮೇಲಿನ ಅಳತೆಗೆ ಗುರುತು ಹಾಕಿದರು. ಆಮೇಲೆ ಹೆಬ್ಬೆರಳು ತಾನಾಗಿ ಒಂದಿಷ್ಟು ಮುಂದೆ ಜಾರಿತು, ಅಲ್ಲಿ ಕತ್ತರಿಸಿದರು.

"ಮಾವ, ಆ ಹೆಬ್ಬೆರಳು?"

"ಎಡ ಹಿಂಗಾಲಲ್ವಾ, ಆರು ಜಾಸ್ತಿ ಬಿಡ್ಬೇಕು. ಯಜಮಾನ್ರ ಡ್ರಾಯಿಂಗಲ್ಲಿ ಗಿಡ್ಡ ಇದೆ."

"ಅದನ್ನ ನಾನು ಸರಿ ಮಾಡಿದ್ದೀನಿ!"

"ಹೇಳ್ಬೇಕು ತಾನೇ?"

"ನೀವು ಹೇಳ್ಬೇಕಿತ್ತು ತಾನೇ, ಮೂವತ್ತು ವರ್ಷದ ಹಿಂದೆ?"

ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿಕೊಂಡೆವು. ಕಳ್ಳನಿಗೆ ಕಳ್ಳಿ ಜೊತೆ ಸಿಕ್ಕ ಹಾಗಾಯಿತು.

ಅಲ್ಲಿಂದ ನೇರ ಬೂಟಮ್ಮನ ಹತ್ತಿರ ಹೋದೆ. ಮೊದಲು ನಾನೇ ನನ್ನ ತಪ್ಪು ಹೇಳಿಕೊಂಡೆ, ಯಾರಿಗೂ ಹೇಳದೆ ನಕ್ಷೆ ತಿದ್ದಿದೆ ಎಂದು. ಆಗ ಅವಳೂ ಬಾಯಿಬಿಟ್ಟಳು. ಅವಳ ಕೈಗೆ ಬರುವ ಏಣಿಯ ಎಡ ಹಿಂಗಾಲು ಯಾವಾಗಲೂ ಆರು ಉದ್ದ ಇರುತ್ತದಂತೆ. ಅದಕ್ಕೇ ಆ ಕಾಲಿನ ಬೂಟನ್ನು ಆರು ಮಿಲಿಮೀಟರು ತೆಳ್ಳಗೆ ಸವರಿ ಹಾಕುತ್ತಾಳಂತೆ. ಲೆಕ್ಕ ಹಾಕಿದೆ. ನಕ್ಷೆಯಲ್ಲಿ ಆರು ಕಡಿಮೆ. ಮಾವ ಆರು ಸೇರಿಸಿದರೆ ಸರಿಯಾಗಬೇಕು. ಆದರೂ ಬೂಟಮ್ಮನ ಹತ್ತಿರ ಬರುವಾಗ ಆರು ಉದ್ದ. ಅಂದರೆ ನಡುವೆ ಇನ್ನೊಬ್ಬರು ಆರು ಸೇರಿಸುತ್ತಿದ್ದಾರೆ.

ಕತ್ತರಿಸುವುದಕ್ಕೂ ಬೂಟು ತೊಡಿಸುವುದಕ್ಕೂ ನಡುವೆ ಇರುವುದು ವೆಲ್ಡಿಂಗ್ ಮಾತ್ರ. ಕಂಕುಳಲ್ಲಿ ಕೂಸಿಟ್ಟುಕೊಂಡು ಊರೆಲ್ಲ ಹುಡುಕಿದ್ದೇನೆ.

ಸೋಮವಾರ, ಜೂನ್ 24

ವೆಲ್ಡಿಂಗ್ ವಿಭಾಗಕ್ಕೆ ಹೋಗಿ ಎಲ್ಲರೆದುರು ಮೇಸ್ತ್ರಿಯನ್ನು ಕೇಳಿದೆ. "ಎಡ ಹಿಂಗಾಲಿಗೆ ನೀವೇನು ಮಾಡ್ತೀರಿ?"

"ಡ್ರಾಯಿಂಗಲ್ಲಿರೋದು ಮಾಡ್ತೀನಿ ಮೇಡಂ."

ಮೇಡಂ! ಮುಖದ ಮೇಲೆ ವೆಲ್ಡಿಂಗ್ ಕವಚ ಎಳೆದುಕೊಂಡರು. ಮಾತು ಮುಗಿಯಿತು. ಪಕ್ಕದಲ್ಲಿ ಕೂತು ನೋಡೋಣವೆಂದರೆ ಆ ಬೆಳಕಿಗೆ ಕಣ್ಣು ಬಿಡಲಾಗದು.

ಇವರ ಹತ್ತಿರ ಒಂದು ಕಪ್ಪು ರಟ್ಟಿನ ಪುಸ್ತಕ ಇದೆ, ಅಳತೆಯೆಲ್ಲ ಅದರಲ್ಲಿ ಬರೆಯುತ್ತಾರೆ ಎಂದು ಬೂಟಮ್ಮ ಹೇಳಿದ್ದಳು. ನನ್ನ ಗಂಡನ ಹತ್ತಿರ ಏನಿದೆ ಎಂದು ನನಗೆ ಬೂಟಮ್ಮ ಹೇಳಬೇಕು. ಸಂಜೆ ಇವರು ಹಾಲು ತರಲು ಹೋದಾಗ ಚೀಲ ತಡಕಿದೆ, ಬೀರು ತೆಗೆದೆ, ಹಾಸಿಗೆ ಎತ್ತಿದೆ. ಅತ್ತೆ ಬಾಗಿಲಲ್ಲಿ ನಿಂತು ನೋಡುತ್ತಿದ್ದರು.

"ಏನು ಹುಡುಕ್ತಿದ್ದೀಯಾ?"

"ಅವರ ಪುಸ್ತಕ."

"ಕೇಳಿದ್ಯಾ?"

"ಕೇಳಿದ್ರೆ ಕೊಡ್ತಾರಾ ಅತ್ತೆ?"

"ಅದು ನಂಗೆ ಗೊತ್ತಿಲ್ಲ. ಕೇಳಿದ್ಯಾ ಅಂದೆ."

ಮಂಗಳವಾರ, ಜೂನ್ 25

ಕೇಳಿದೆ. ಬಸ್ ನಿಲ್ದಾಣದಲ್ಲಿ, ಬೆಳಿಗ್ಗೆ. ಬಸ್ಸು ತಡವಾಗಿತ್ತು, ನಮ್ಮಿಬ್ಬರನ್ನು ಬಿಟ್ಟು ಯಾರೂ ಇರಲಿಲ್ಲ.

"ನಿಮ್ಮ ಪುಸ್ತಕ ನೋಡ್ಬೇಕು. ಕೊಡ್ತೀರಾ?"

ಅಂಗಿಯ ಒಳಜೇಬಿನಿಂದ ತೆಗೆದು ಕೈಗಿಟ್ಟರು. ಅಷ್ಟೇ. ಇಷ್ಟು ಸುಲಭವೆಂದು ಗೊತ್ತಿದ್ದರೆ ಹಾಸಿಗೆ ಎತ್ತಿ ಸೊಂಟ ಹಿಡಿಸಿಕೊಳ್ಳುತ್ತಿರಲಿಲ್ಲ.

ಮೊದಲ ಪುಟಕ್ಕೆ ಒಂದು ಹಳದಿಯಾದ ಚೀಟಿ ಅಂಟಿಸಿತ್ತು. ಇವರ ಕೈಬರಹ: "ಮಡಚು ಏಣಿ. ಎಡ ಹಿಂಗಾಲು ಆರು ಮಿ.ಮೀ. ಗಿಡ್ಡ ಇದೆ. ದಯವಿಟ್ಟು ತಿದ್ದುವುದು." ಕೆಳಗೆ "ತಿರಸ್ಕೃತ" ಎಂಬ ಮೊಹರು. ಅದರ ಕೆಳಗೆ "ನಕ್ಷೆಯೇ ಪ್ರಮಾಣ" ಎಂದು ಬರೆದು ಸಹಿ. ಸಹಿ ನನ್ನದು. ಹತ್ತೊಂಬತ್ತು ವರ್ಷದ ಹಿಂದಿನ ತಾರೀಖು.

ನೆನಪಿಲ್ಲ ಎಂದು ಬರೆಯಹೊರಟೆ. ಅದು ಸುಳ್ಳು, ನೆನಪಿದೆ. ಅವತ್ತು ದೊಡ್ಡ ಯಜಮಾನರು ಸಿಟ್ಟಿನಲ್ಲಿದ್ದರು. ಗಂಡನ ಚೀಟಿ ಹಿಡಿದು ಅವರ ಮುಂದೆ ಹೋದರೆ ಇಬ್ಬರನ್ನೂ ಏಣಿ ಹತ್ತಿಸುತ್ತಾರೆ ಎಂದು ಹೆದರಿದೆ. ಅಳತೆ ತೆಗೆದು ಕೂಡ ನೋಡಲಿಲ್ಲ. ಹತ್ತಿರ ಇದ್ದ ಮೊಹರು ತೆಗೆದು ಒತ್ತಿದೆ. ಮೊನ್ನೆ ಮೊನ್ನೆ ನಾನು ಘನಕಾರ್ಯವೆಂದು ಬೀಗಿದ ಆರು ಮಿಲಿಮೀಟರು ಇವರದು.

"ಮನೇಲಿ ಹೇಳಬಹುದಿತ್ತಲ್ಲ ರೀ," ಎಂದೆ.

"ಕಾರ್ಖಾನೆ ವಿಷಯ ಮನೇಲಿ ಬೇಡ ಅಂದಿದ್ದೆ ನೀನು."

"ಚೀಟಿ ಯಾಕೆ ಇಟ್ಕೊಂಡ್ರಿ?"

"ಸುಮ್ನೆ," ಎಂದರು. ಚೀಟಿಯ ಎದ್ದ ಅಂಚನ್ನು ಹೆಬ್ಬೆರಳಿನಿಂದ ಒತ್ತಿ, "ನೀನು ನನಗೆ ಅಂತ ಬರೆದಿದ್ದು ಬೇರೆ ಯಾವ್ದೂ ಇಲ್ವಲ್ಲ," ಎಂದರು.

ಬಸ್ಸು ಬಂತು. ನನಗೆ ತುಂಬ ನಾಚಿಕೆಯಾಯಿತು. ಇಡೀ ದಾರಿ ಇವರು ಮಾತಾಡಿದರು, ನಾನು ಕೇಳಿದೆ: ಎಡ ಹಿಂಗಾಲಿನ ಕೊಳವೆಯನ್ನು ಮೇಲಿನ ಹಿಡಿಕೆಯೊಳಗೆ ಪೂರ್ತಿ ಇಳಿಸದೆ, ಆರು ಮಿಲಿಮೀಟರು ಹೊರಗೇ ಬಿಟ್ಟು ವೆಲ್ಡ್ ಮಾಡುತ್ತಾರಂತೆ. ನಮ್ಮ ನಿಲ್ದಾಣ ದಾಟಿ ಮುಂದೆ ಹೋದೆವು. ಇಪ್ಪತ್ತಾರು ವರ್ಷದಲ್ಲಿ ಮೊದಲ ಸಲ ಕೆಲಸಕ್ಕೆ ತಡವಾಗಿ ಹೋದೆ.

ಬುಧವಾರ, ಜೂನ್ 26

ಸಣ್ಣ ಯಜಮಾನಿ, ಕತ್ತರಿ ಮಾವ, ಬೂಟಮ್ಮ, ಇವರು, ನಾನು, ಐವರೂ ಒಂದೇ ಪರದೆಯ ಮುಂದೆ ಕೂತೆವು. ಯಾರ ಕೈ ಏನು ಮಾಡುತ್ತದೆ ಎಂದು ಒಬ್ಬೊಬ್ಬರೇ ಹೇಳಿದರು, ನಾನು ಕಣಜಕ್ಕೆ ತುಂಬಿದೆ. ಮಾವನ ಹೆಬ್ಬೆರಳು ಜಾರಕೂಡದು. ಇವರು ಕೊಳವೆ ಪೂರ್ತಿ ಇಳಿಸಬೇಕು. ಬೂಟಮ್ಮ ಬೂಟು ಸವರಕೂಡದು. ಯಾರಿಗಾದರೂ ಕೈ ತುರಿಸಿದರೆ ಮೊದಲು ಬರೆಯಬೇಕು, ಆಮೇಲೆ ಮಾಡಬೇಕು.

ಸಣ್ಣ ಯಜಮಾನಿ ಹಣೆ ಹಿಡಿದುಕೊಂಡಳು. "ಅಂದ್ರೆ ನಮ್ಮ ಏಣಿ ಇಷ್ಟು ವರ್ಷ ನಿಂತಿದ್ದು ಎರಡು ತಪ್ಪಿನ ಮೇಲೆ, ಎರಡು ಸರಿ ಸೇರ್ಕೊಂಡು?"

"ಹೂಂ. ನಾಲ್ಕು ಕಾಲಲ್ವಾ ಅಮ್ಮ, ಲೆಕ್ಕ ಸರಿಯಾಯ್ತು," ಎಂದರು ಮಾವ.

"ಒಬ್ರು ಯಾರಾದ್ರೂ ಕೆಲಸ ಬಿಟ್ಟು ಹೋಗಿದ್ರೆ?"

ಎತ್ತರದಿಂದ ಬೀಳುವ ಯಾರೋ ಗೊತ್ತಿಲ್ಲದವರ ಬೆನ್ನು ನನ್ನ ಕಣ್ಣಮುಂದೆ ಬಂತು. ಇದು ನಗುವ ವಿಷಯವಲ್ಲ ಎಂದು ಆಗ ಅನ್ನಿಸಿತು.

ಶುಕ್ರವಾರ, ಜೂನ್ 28

ಪರೀಕ್ಷಕರು ದಪ್ಪಗಿನ ಹೆಂಗಸು. ಏಣಿ ಹತ್ತಿ ಕೊನೆಯ ಮೆಟ್ಟಿಲಲ್ಲಿ ನಿಂತು, ಎರಡು ಸಲ ಕುಪ್ಪಳಿಸಿದರು. ಬೂಟಮ್ಮ ಕಣ್ಣು ಮುಚ್ಚಿಕೊಂಡಳು. ಇವರು ಎಡ ಹಿಂಗಾಲನ್ನೇ ನೋಡುತ್ತಿದ್ದರು, ನಾನು ಇವರನ್ನು ನೋಡುತ್ತಿದ್ದೆ. ಏಣಿ ಮಿಸುಕಲಿಲ್ಲ.

ಆಮೇಲೆ ನಕ್ಷೆ ಕೇಳಿದರು. ಪರದೆಯಲ್ಲಿ ಒಂದೇ ಒಂದು ತೋರಿಸಿದೆ. "ಇದು ಬಿಟ್ಟು ಬೇರೆ ಪ್ರತಿ ಇದ್ಯಾ?" ಎಂದರು. ಹಳೆಯ ಪ್ರತಿಗಳನ್ನೆಲ್ಲ ನಿನ್ನೆಯೇ ಹರಿದು ಹಾಕಿದ್ದೆವು, ಇಲ್ಲ ಎಂದೆ. ಆ ಮಾತು ಬಾಯಿಂದ ಬಂದಾಗ ಸುಖವಾಯಿತು.

ಇನ್ನೂರು ಏಣಿಗೂ ಒಪ್ಪಿಗೆ. ವೆಲ್ಡಿಂಗ್ ವಿಭಾಗ ಇರುತ್ತದೆ. ಮನೆಗೆ ಬಂದು ಅತ್ತೆಗೆ ಹೇಳಿದೆವು, ಇಬ್ಬರೂ ಒಟ್ಟಿಗೆ, ಒಬ್ಬರ ಮಾತಿನ ಮೇಲೊಬ್ಬರು. ಅತ್ತೆ, "ಒಬ್ರು ಹೇಳ್ರಪ್ಪಾ" ಎಂದರು.

ಸೋಮವಾರ, ಜುಲೈ 1

ಕಪಾಟುಗಳನ್ನು ಸಾಗಿಸಿದರು. ಕೋಣೆ ಇಷ್ಟು ದೊಡ್ಡದೆಂದು ಗೊತ್ತಿರಲಿಲ್ಲ. ಕಿಟಕಿ ಕೂಡ ಒಂದಿದೆ.

ಒಂದು ಕೆಲಸ ಬಾಕಿಯಿತ್ತು. ಕಣಜದಲ್ಲಿ ಆರು ಮಿಲಿಮೀಟರಿನ ಬದಲಾವಣೆಯನ್ನು ತೆರೆದೆ. ಸೂಚಿಸಿದವರು ಎಂಬಲ್ಲಿ ನನ್ನ ಹೆಸರು ಅಳಿಸಿ ಇವರ ಹೆಸರು ಹಾಕಿದೆ. ತಾರೀಖು ಹತ್ತೊಂಬತ್ತು ವರ್ಷ ಹಿಂದಕ್ಕೆ ಹಾಕಲು ನೋಡಿದೆ, ಕಣಜ ಒಪ್ಪಲಿಲ್ಲ. ಅದಕ್ಕೆ ಇವತ್ತಿನ ತಾರೀಖೇ ಬೇಕಂತೆ. ಸಣ್ಣ ಯಜಮಾನಿಯನ್ನು ಕೇಳಿದೆ, ಅವಳಿಗೂ ಆಗಲಿಲ್ಲ. ಕೆಳಗೆ ಷರಾ ಬರೆಯಲು ಒಂದು ಸಾಲಿನ ಜಾಗ ಇತ್ತು. ಅಲ್ಲಿ ಬರೆದೆ: "ಈ ಸೂಚನೆ ಬಂದು ಹತ್ತೊಂಬತ್ತು ವರ್ಷವಾಯಿತು. ಬಂದ ದಿನವೇ ಸರಿಯಿತ್ತು. ತಡ ನನ್ನದು." ಈ ಸಲ ಎಲ್ಲರಿಗೂ ತಿಳಿಸಲೇ ಎಂದು ಕೇಳಿದಾಗ ಹೂಂ ಎಂದೆ.

ಸಂಜೆ ಹೊರಡುವ ಮುಂಚೆ ಸಣ್ಣ ಯಜಮಾನಿ ಇನ್ನೊಂದು ಪುಟ ತೋರಿಸಿಕೊಟ್ಟಳು. ಯಾವ ಕಾಗದವನ್ನು ಯಾವ ವಿಭಾಗದವರು ಎಷ್ಟು ಸಲ ತೆರೆದರು ಎಂದು ಕಣಜ ಬರೆದಿಡುತ್ತದಂತೆ. ಆರು ಮಿಲಿಮೀಟರಿನ ಷರಾವನ್ನು ಕತ್ತರಿಸುವ ವಿಭಾಗ ಒಂದು ಸಲ ತೆರೆದಿದೆ. ಬೂಟಿನ ವಿಭಾಗ ಒಂದು ಸಲ. ವೆಲ್ಡಿಂಗ್ ವಿಭಾಗ ಹದಿನಾಲ್ಕು ಸಲ.

ವೆಲ್ಡಿಂಗಿನಲ್ಲಿ ಇವತ್ತು ಇವರೊಬ್ಬರೇ ಇದ್ದದ್ದು. ಇರುವುದು ಒಂದೇ ಸಾಲು. ಅದರಲ್ಲಿ ಹದಿನಾಲ್ಕು ಸಲ ಓದುವುದೇನಿದೆಯೋ, ನಾಳೆ ಬಸ್ಸಿನಲ್ಲಿ ಕೇಳಬೇಕು.